ಡ್ರಿಲ್ಲಕ್ಕನ ಹೊಡೆತಗಳು

ಡ್ರಿಲ್ಲಕ್ಕ ಇಲ್ಲಿಯವರೆಗೆ ಎಷ್ಟು ಜನಕ್ಕೆ ಹೊಡೆದಿದ್ದಾಳೆಂಬುದು ಅವಳಿಗೇ ನೆನಪಿಲ್ಲ. ಎಲ್ಲರಿಗೂ ಅವರವರ ಒಳ್ಳೆಯದಕ್ಕೇ ಹೊಡೆದದ್ದು ಎಂದು ಮಾತ್ರ ಆಣೆ ಇಟ್ಟು ಹೇಳುತ್ತಾಳೆ. ಅಂಗಿಯ ತೋಳು ಮಡಚದೆ ಯಂತ್ರ ಮುಟ್ಟಿದ ಬಡಗಿಗೆ ಕಪಾಳಕ್ಕೆ ಬಿದ್ದಿದೆ. ಓಡುತ್ತಿರುವ ಡ್ರಿಲ್ ಹಿಡಿದುಕೊಂಡೇ ಫೋನಿಗೆ ಹಲೋ ಅಂದ ಪೇಂಟರನಿಗೆ ಬೆನ್ನಿಗೆ ಬಿದ್ದಿದೆ. ಏಟು ತಿಂದವರೆಲ್ಲ ಹತ್ತೂ ಬೆರಳಿಟ್ಟುಕೊಂಡು ಸುಖವಾಗಿದ್ದಾರೆ. ಅವಳ ಮೇಲೆ ದೂರು ಹೇಳುವಾಗ ಆ ಹತ್ತನ್ನೂ ಆಡಿಸುತ್ತಾರೆ.

ಗೋಡೆಗೆ ಹಲಗೆ, ಪರದೆ ಕಂಬಿ, ಕನ್ನಡಿ ಕೂರಿಸುವ ಈ ಕೆಲಸ ಮೊದಲು ಅವಳ ಗಂಡನದು. ಒಂದು ದಿನ ಅವನು ಡ್ರಿಲ್ಲಿನ ಪಕ್ಕದ ಹಿಡಿ ಕಳಚಿಟ್ಟು, ಒಂದೇ ಕೈಯಲ್ಲಿ ಕಾಂಕ್ರೀಟ್ ಕಂಬಕ್ಕೆ ತೂತು ಹಾಕಲು ಹೋದ. ಕೊರೆಯುವ ಮೊನೆ, ಅಂದರೆ ಬಿಟ್, ಕಂಬದೊಳಗಿನ ಕಬ್ಬಿಣದ ಸರಳಿಗೆ ಸಿಕ್ಕಿ ನಿಂತಿತು, ಯಂತ್ರ ನಿಲ್ಲಲಿಲ್ಲ. ಅದು ತಿರುಗದಿದ್ದರೆ ನೀನು ತಿರುಗು ಎಂಬಂತೆ ಅವನ ಮಣಿಕಟ್ಟನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಿಬಿಟ್ಟಿತು. ಮೂಳೆ ಮುರಿದ ಸದ್ದು ಪಕ್ಕದ ಕೋಣೆಗೂ ಕೇಳಿಸಿತಂತೆ. ಈಗ ಅವನು ಮನೆಯಲ್ಲಿ ಎಡಗೈಯಿಂದ ಅಡುಗೆ ಮಾಡುತ್ತಾನೆ, ಅವಳು ಹೊರಗೆ ದುಡಿಯುತ್ತಾಳೆ. ಜೊತೆಗೆ ಮೈದುನ. ಅವನಿಗೆ ಮೀಸೆ ಬಂದು ಇಪ್ಪತ್ತು ವರ್ಷವಾದರೂ ಬುದ್ಧಿ ಇನ್ನೂ ದಾರಿಯಲ್ಲಿದೆ ಎಂದು ಅತ್ತಿಗೆಯ ಅಂದಾಜು.

ಆ ದಿನ ನಿವೃತ್ತ ಟೀಚರಮ್ಮನ ಮನೆಯಲ್ಲಿ ಪುಸ್ತಕದ ಹಲಗೆ ಕೂರಿಸುತ್ತಿದ್ದರು. ನಾಲ್ಕು ತೂತಿನಲ್ಲಿ ಎರಡು ಮುಗಿದು ಮೂರನೆಯದು ಅರ್ಧವಾಗಿದ್ದಾಗ ಕರೆಂಟು ಹೋಯಿತು. ಮೈದುನ ಏಣಿಯಿಳಿದು ಸ್ಟೂಲಿನ ಮೇಲೆ ಕೂತ. ಹೇಗೂ ಪುರುಸೊತ್ತಿದೆಯಲ್ಲ ಎಂದು ಡ್ರಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಮೊಂಡಾದ ಬಿಟ್ ತೆಗೆಯಲು ಅದರ ಬಾಯಿಗೆ ಬಿಗಿ ಸಡಿಲಿಸುವ ಚಾವಿ ತೂರಿಸಿದ.

ಮಟ್ಟಗೋಲು ಹಿಡಿದು ನಿಂತಿದ್ದ ಅತ್ತಿಗೆಯ ಕಣ್ಣು ಯಂತ್ರದ ಲಾಕ್ ಗುಂಡಿಯ ಮೇಲೆ ಬಿತ್ತು. ಸ್ವಿಚ್ಚನ್ನು ಒತ್ತಿಕೊಂಡೇ ಇರುವ ಕಷ್ಟ ಬೇಡವೆಂದು, ಒತ್ತಿದಲ್ಲೇ ಅದನ್ನು ಹಿಡಿದಿಡುವ ಗುಂಡಿ ಅದು. ಗುಂಡಿ ಒಳಗೇ ಇತ್ತು. ಪ್ಲಗ್ಗೂ ಗೋಡೆಯಲ್ಲೇ ಇತ್ತು, ಅವನ ಬೆನ್ನ ಹಿಂದೆ, ಫ್ರಿಜ್ಜಿನ ಸಂದಿಯಲ್ಲಿ. ಕರೆಂಟು ಬಂದರೆ ಚಾವಿಯ ಜೊತೆ ಇವನ ಬೆರಳುಗಳೂ ಸುತ್ತು ಹಾಕುತ್ತವೆ.

ಮೊದಲು ಬಾಯಲ್ಲಿ ಹೇಳಿ ನೋಡುವುದು ಅವಳ ಪದ್ಧತಿಯಲ್ಲ. ಮಟ್ಟಗೋಲು ಬೀಸಿ ಅವನ ಮಣಿಕಟ್ಟಿಗೆ ಬಾರಿಸಿದಳು. ಡ್ರಿಲ್ ಚಾಪೆಗೆ ಬಿತ್ತು, ಮೈದುನ ಮೂತಿ ಮುಂದಾಗಿ ಕೆಳಗಿಟ್ಟಿದ್ದ ಹಲಗೆಯ ಅಂಚಿಗೆ ಬಿದ್ದ. ತುಟಿ ಸೀಳಿ ರಕ್ತ ಗದ್ದಕ್ಕಿಳಿಯಿತು. ಅವನು ಏಳುವಷ್ಟರಲ್ಲಿ ಅವಳು ಪ್ಲಗ್ ಕಿತ್ತಾಗಿತ್ತು.

"ತಲೆ ಕೆಟ್ಟಿದೆಯಾ ನಿಮಗೆ!" ಎಂದು ಅವನು ನೂಕಿದ ರಭಸಕ್ಕೆ ಅವಳ ಬೆನ್ನು ಗಾಜಿನ ಬೀರುವಿಗೆ ಬಡಿಯಿತು. ಎಂಥ ಕೋಪದಲ್ಲೂ ಅತ್ತಿಗೆಗೆ ಏಕವಚನ ಬಳಸದ ಮರ್ಯಾದಸ್ಥ. ಅವಳು ಅವನ ಕಿವಿ ಹಿಡಿದು ತಿರುಚಿದಳು. ಅವನು ಸ್ಟೂಲನ್ನೆತ್ತಿ ನೆಲಕ್ಕೆ ಕುಕ್ಕಿ ಅದರ ಕಾಲು ಮುರಿದ.

"ಅಯ್ಯೋ, ನನ್ನ ಸ್ಟೂಲು!" ಟೀಚರಮ್ಮ ಬಾಗಿಲಲ್ಲಿ ನಿಂತು ಕೋಲು ಕುಟ್ಟಿದರು. "ಹೊಡೆದಾಡೋದಾದ್ರೆ ನಿಮ್ಮ ಸಾಮಾನು ತಂದು ಹೊಡೆದಾಡಿ!"

"ಆ ಗುಂಡಿ ನೋಡೋ, ಕತ್ತೆ! ಕರೆಂಟ್ ಬಂದಿದ್ರೆ ಏನಾಗ್ತಿತ್ತು?"

"ಬಂತಾ? ಎಲ್ಲಿ ಬಂತು, ತೋರಿಸಿ!"

ಕರೆಂಟು ಆಗ ಬಂತು. ಫ್ಯಾನು ತಿರುಗಿತು, ಫ್ರಿಜ್ಜು ಗೊರಗುಟ್ಟಿತು. ಪ್ಲಗ್ ಕಿತ್ತ ಡ್ರಿಲ್ ಮಾತ್ರ ಚಾಪೆಯ ಮೇಲೆ ಪರಮ ಸಾಧುವಿನಂತೆ ಮಲಗಿತ್ತು.

"ಏನಾಯ್ತು? ಏನೂ ಆಗ್ಲಿಲ್ಲ!" ಮೈದುನ ರಕ್ತ ಉಗಿದ. "ಅಣ್ಣನ ಕೈ ಮುರಿದಾಗಿಂದ ನಿಮಗೆ ಲೋಕದವರ ಕೈಯೆಲ್ಲ ಮುರಿದ ಹಾಗೇ ಕಾಣತ್ತೆ. ಸಾಕು, ನಾಳೆಯಿಂದ ನಾನು ಬೇರೆ ಕಡೆ ಹೋಗ್ತೀನಿ. ನೀವು ಗೋಡೆಗೇ ಹೊಡ್ಕೊಂಡಿರಿ."

ಚೀಲ ಹೆಗಲಿಗೇರಿಸಿದ. ಬೇರೆ ಕಡೆಯೂ ಇವನು ಇದೇ ಗುಂಡಿ ಒತ್ತುತ್ತಾನೆ, ಅಲ್ಲಿ ಹೊಡೆಯುವವರು ಯಾರೂ ಇರುವುದಿಲ್ಲ ಎಂದು ನೆನೆದದ್ದೇ ತಡ, ಅವಳ ಪಿತ್ತ ನೆತ್ತಿಗೇರಿತು. "ನೋಡ್ಕೊಂಡೇ ಹೋಗು!" ಎಂದವಳೇ ಪ್ಲಗ್ ಚುಚ್ಚಿದಳು.

ಡ್ರಿಲ್ ಬಾಲ ತುಳಿಸಿಕೊಂಡ ಹಾವಿನಂತೆ ಎಗರಿತು. ಚಾಪೆ ಹರಿದು, ಹಲಗೆಗೆ ಗುದ್ದಿ, ತನ್ನ ವಯರನ್ನೇ ಮೈಗೆ ಸುತ್ತಿಕೊಂಡು ಬೊಬ್ಬಿಟ್ಟಿತು. ಅದರ ಬಾಯಲ್ಲೇ ಉಳಿದಿದ್ದ ಚಾವಿ ಚಿಮ್ಮಿ, ಟೀಚರಮ್ಮನ ಕೆನ್ನೆಯ ಪಕ್ಕದಿಂದ ಹಾದು, ಬೀರುವಿನ ಗಾಜನ್ನು ಪುಡಿಪುಡಿ ಮಾಡಿತು.

ಈ ಸಲ ಪ್ಲಗ್ ಕಿತ್ತವನು ಮೈದುನ. ಅಡ್ಡವಿದ್ದ ಅತ್ತಿಗೆಯ ಭುಜಕ್ಕೆ ಗುದ್ದಿ, ಅವಳನ್ನು ಆಚೆ ಉರುಳಿಸಿ ಕಿತ್ತ.

ಮೈದುನ ತನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ.

"ನನಗೆ ಹೊಡೆದಿದ್ದು ಸರಿ ಅತ್ತಿಗೆ, ಒಪ್ಕೋತೀನಿ. ಈಗ ಮಾಡಿದ್ದೇನು? ಟೀಚರಮ್ಮ ಅಲ್ಲೇ ನಿಂತಿದ್ರು. ಇನ್ನು ನಾಲ್ಕು ಬೆರಳು ಈಚೆ ಬಂದಿದ್ರೆ ಕಣ್ಣೇ ಹೋಗ್ತಿತ್ತು."

ನೆಲದ ಮೇಲೆ ಕೂತಿದ್ದ ಡ್ರಿಲ್ಲಕ್ಕ ಟೀಚರಮ್ಮನ ಕಡೆ ತಿರುಗಿದಳು.

"ತಪ್ಪಾಯ್ತಮ್ಮಾ," ಎಂದಳು.

"ಇಬ್ಬರೂ ಆಚೆ ನಡೀರಿ," ಅಂದರು ಟೀಚರಮ್ಮ. ಆಮೇಲೆ ಗೋಡೆಯ ಎರಡೂವರೆ ತೂತು ನೋಡಿ, "ಮೊದಲು ಗಾಜು ಗುಡಿಸಿ. ಹಲಗೆ ಕೂರಿಸಿ. ಆಮೇಲೆ ನಡೀರಿ."

ಗುಡಿಸುತ್ತ ಅವಳು ತಲೆಯೆತ್ತದೆ ಕೇಳಿದಳು: "ನಾಳೆ ಬರ್ತೀಯೇನೋ?"

"ಬರ್ತೀನಿ. ಆದ್ರೆ ಇನ್ಮೇಲೆ ಪ್ಲಗ್ ನನ್ನ ಕೈಯಲ್ಲಿ. ನೀವು ಮೇಲೆ, ನಾನು ಕೆಳಗೆ. ನಾನು ಕೊಟ್ರೆ ಮಾತ್ರ ಕರೆಂಟು."

ಅವಳು ಏಣಿ ಹತ್ತಿದಳು. ಅವನು ಪ್ಲಗ್ ಹಿಡಿದು ಕೆಳಗಿನಿಂದ, ಊದಿದ ತುಟಿಯಲ್ಲೇ, ವಿಚಾರಣೆ ಶುರು ಮಾಡಿದ.

"ಗುಂಡಿ ತೋರಿಸಿ."

ತೋರಿಸಿದಳು.

"ಕನ್ನಡಕ?"

ಹಾಕಿಕೊಂಡಳು.

"ಎರಡೂ ಕೈ?"

"ಹಿಡಿದಿದೀನಿ ಕಣೋ, ಮುಂಡೇದೇ!"

"ಬೈಬೇಡಿ. ಬೈದ್ರೆ ಕೊಡಲ್ಲ."

ಡ್ರಿಲ್ಲಕ್ಕ ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.