ಆಷಾಢಕ್ಕೆ ತವರಿಗೆ ಬಂದ ಕಂಪ್ಯೂಟರ್

ನನ್ನ ಅಕ್ಕನಿಗೆ ಮದುವೆಗೆ ಮುಂಚೆ ಒಂದೇ ಒಂದು ಆಸೆಯಿತ್ತು. ಒಡವೆಯದಲ್ಲ, ರೇಷ್ಮೆ ಸೀರೆಯದಲ್ಲ. ಕಂಪ್ಯೂಟರಿನಲ್ಲಿ ಆಡುವ ಒಂದು ಕಾರ್ ರೇಸನ್ನು ಕೊನೆಯವರೆಗೂ ಆಡಿ ಗೆಲ್ಲುವುದು. ಕೇಳಿದವರು ನಗುತ್ತಾರೆಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ. ನನಗೆ ಮಾತ್ರ ಗೊತ್ತಿತ್ತು, ಏಕೆಂದರೆ ಆ ಕಾರನ್ನು ಅರ್ಧ ಓಡಿಸುತ್ತಿದ್ದವಳು ನಾನು.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ನಾವಿದ್ದದ್ದು ಲಿಂಗರಾಜಪುರದ ಒಂದು ಬಾಡಿಗೆ ಮನೆಯಲ್ಲಿ. ಅಪ್ಪನಿಗೆ ಕೆ.ಆರ್. ಪುರದ ಕಡೆ ಸರ್ಕಾರಿ ಫ್ಯಾಕ್ಟರಿಯಲ್ಲಿ ಕೆಲಸ. ಅಕ್ಕ ಶಿವಾಜಿನಗರದ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆಗಳನ್ನು ಟೈಪ್ ಮಾಡುತ್ತಿದ್ದಳು. ನಾನು ಪಿಯುಸಿ ಓದುತ್ತಿದ್ದೆ, ಅಥವಾ ಓದುತ್ತಿದ್ದೇನೆಂದು ಮನೆಯವರು ನಂಬಿದ್ದರು.

ಶನಿವಾರ ಅಕ್ಕ ಕೆಲಸ ಮುಗಿಸಿ ಬರುವಾಗ ನಾನು ಪುಲಿಕೇಶಿನಗರದ ಸೈಬರ್ ಕೆಫೆಯ ಬಾಗಿಲಲ್ಲಿ ನಿಂತಿರುತ್ತಿದ್ದೆ. ಒಂದು ಗಂಟೆಯ ದುಡ್ಡಿಗೆ ಒಂದೇ ಕುರ್ಚಿ. ಅದರಲ್ಲೇ ಇಬ್ಬರೂ ಒತ್ತಿಕೊಂಡು ಕೂರುತ್ತಿದ್ದೆವು. ಬಲಗಡೆ ಅಕ್ಕ, ಎಡಗಡೆ ನಾನು. ಕಾರನ್ನು ತಿರುಗಿಸುವ ಬಾಣದ ಕೀಲಿಗಳು ಅವಳ ಕೈಗೆ ಸಿಗುತ್ತಿದ್ದವು, ಬ್ರೇಕಿನ ಕೀಲಿ ನನ್ನ ಕೈಗೆ. ಹಾಗೇ ಅಭ್ಯಾಸವಾಗಿಬಿಟ್ಟಿತು. ತಿರುವು ಬಂದಾಗ ಅವಳು ಬಾಯಿ ಬಿಡುವ ಮೊದಲೇ ನಾನು ಬ್ರೇಕ್ ಹಾಕಿರುತ್ತಿದ್ದೆ. ಹಿಂದಿನ ಸೀಟಿನ ಹುಡುಗರು ಮೊದಮೊದಲು ಕಿಸಕ್ಕೆಂದರು, ಆಮೇಲೆ ಎದ್ದು ಬಂದು ನಮ್ಮ ಹಿಂದೆ ನಿಂತು ನೋಡತೊಡಗಿದರು.

ತೊಂದರೆ ಇದ್ದದ್ದು ಬೇರೆ ಕಡೆ. ಆಟ ಸುಮಾರು ದೂರ ಬಂತು ಅನ್ನುವಷ್ಟರಲ್ಲಿ ಆ ಕಂಪ್ಯೂಟರಿನಲ್ಲಿ ನಾವು ಗೆದ್ದು ಉಳಿಸಿಟ್ಟದ್ದೆಲ್ಲ ಮಾಯವಾಗಿರುತ್ತಿತ್ತು. ಕೆಫೆಯ ಮಾಲೀಕರು ಹಣೆ ಒರೆಸಿಕೊಳ್ಳುತ್ತ, "ಕ್ಯಾ ಕರ್ನಾ ಬೇಟಿ, ವೈರಸ್ ಬಂದಿತ್ತು, ಫಾರ್ಮ್ಯಾಟ್ ಮಾಡ್ಬಿಟ್ಟೆ" ಎನ್ನುತ್ತಿದ್ದರು. ನಾವು ಮತ್ತೆ ಮೊದಲ ರೇಸಿನಿಂದ ಶುರು ಮಾಡಬೇಕು, ಮತ್ತೆ ಆ ದರಿದ್ರ ಕೆಂಪು ಕಾರಿನಿಂದ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಒಂದು ದಿನ ತಣ್ಣಗೆ ಹೇಳಿದಳು, "ಬಿಡೇ, ನಮ್ದೇ ಒಂದು ಕಟ್ಕೊಳ್ಳೋಣ."

ಹೊಸದು ಕೊಳ್ಳುವುದು ಕನಸಿನ ಮಾತು. ಕಟ್ಟಿಕೊಳ್ಳುವುದೇ ದಾರಿ. ಪ್ರೆಸ್ಸಿನಲ್ಲಿ ಹಳೇ ಕಂಪ್ಯೂಟರ್ ಬದಲಾಯಿಸಿದಾಗ ಅಕ್ಕ ಹಬ್ಬದ ಇನಾಮಿನ ಬದಲು ಅದರ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕೇಳಿ ತಂದಳು. ಅವನ್ನು ಕೂರಿಸುವ ಡಬ್ಬಿ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು, ಒಳಗೊಂದು ಜೇಡನ ಸಂಸಾರವೂ ಉಚಿತವಾಗಿ ಬಂತು. ಇಂದಿರಾನಗರದಲ್ಲಿ ಮುಚ್ಚಿದ ಆಫೀಸೊಂದರಿಂದ ಮಾನಿಟರ್ ಕೊಂಡು, ಬೆಡ್‌ಶೀಟಿನಲ್ಲಿ ಸುತ್ತಿ ಬಸ್ ಹತ್ತಿದೆವು. ಕಂಡಕ್ಟರ್ ಗಂಟಿನ ಕಡೆ ನೋಡಿ, "ಏನಮ್ಮಾ ಅದು, ಟಿವಿನಾ? ಅದಕ್ಕೂ ಟಿಕೆಟ್ ತಗೊಳ್ಳಿ" ಅಂದ. "ಹಂಗಾದ್ರೆ ಅದಕ್ಕೂ ಸೀಟ್ ಕೊಡಿ" ಎಂದೆ ನಾನು. ಅಕ್ಕ ನನ್ನ ತೊಡೆ ಚಿವುಟಿ ಟಿಕೆಟ್ ತೆಗೆದುಕೊಂಡಳು.

ಎಲ್ಲಕ್ಕಿಂತ ಕಷ್ಟವಾದದ್ದು ಗ್ರಾಫಿಕ್ಸ್ ಕಾರ್ಡು. ಅದಿಲ್ಲದಿದ್ದರೂ ಕಂಪ್ಯೂಟರಿನಲ್ಲಿ ಟೈಪ್ ಮಾಡಬಹುದು, ಲೆಕ್ಕ ಬರೆಯಬಹುದು, ಆದರೆ ನಮ್ಮ ರೇಸು ಮಾತ್ರ ಓಡುವುದಿಲ್ಲ. ಹಲಸೂರಿನ ಒಂದು ಕೋಣೆಯಲ್ಲಿ ರಿಪೇರಿ ಮಾಡುತ್ತಿದ್ದವನ ಬಳಿ ಹಳೇ ಕಾರ್ಡೊಂದು ಇತ್ತು. "ಯಾರಿಗೆ ಮೇಡಂ, ತಮ್ಮನಿಗಾ?" ಎಂದು ಕೇಳಿದ. "ನನಗೆ" ಎಂದಳು ಅಕ್ಕ. ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಕಾರ್ಡನ್ನು ಅಂಗಿಗೆ ಒರೆಸಿ ಕೊಟ್ಟ. ಗ್ಯಾರಂಟಿ ಎಷ್ಟು ದಿನ ಎಂದರೆ, "ನಮ್ಮ ಮೆಟ್ಲು ಇಳಿಯೋ ತನಕ" ಎಂದ. ಅಕ್ಕನ ಆ ತಿಂಗಳ ಸಂಬಳದಲ್ಲಿ ಬಸ್ ಪಾಸಿಗೆ ಉಳಿದದ್ದೇ ಹೆಚ್ಚು.

ಗಣೇಶನ ಹಬ್ಬದ ಹೊತ್ತಿಗೆ ನಡುಮನೆಯ ಮೂಲೆಯಲ್ಲಿ ಅದು ಎದ್ದು ನಿಂತಿತು. ತಿರುಪುಗಳು ಅಪ್ಪನ ಡಬ್ಬಿಯವು, ಒಂದೂ ಇನ್ನೊಂದರಂತಿರಲಿಲ್ಲ. ಆಡುವಾಗ ಅದು ಕಾದ ಬಾಣಲೆಯಾಗುತ್ತಿತ್ತು. ಪಕ್ಕದ ಮುಚ್ಚಳ ತೆಗೆದು, ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಡುತ್ತಿದ್ದೆವು. ಶಿಫ್ಟ್ ಮುಗಿಸಿ ಬಂದ ಅಪ್ಪ ಬನಿಯನ್ನಿನಲ್ಲೇ ಬೀಸಣಿಗೆ ಆಡಿಸುತ್ತ, "ದುಡಿದು ಬಂದೋನಿಗಿಲ್ದಿರೋ ಗಾಳಿ ಅದಕ್ಕೆ" ಎಂದು ಗೊಣಗುತ್ತಿದ್ದರು. ಆದರೆ ಫ್ಯಾನನ್ನು ಯಾವತ್ತೂ ಎಳೆದುಕೊಳ್ಳಲಿಲ್ಲ.

ಆ ದಿನಗಳ ಸುಖವನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಅಳಿಸಿಹಾಕುವವರಿಲ್ಲ, ಗಂಟೆ ಮುಗಿಯಿತೆಂದು ಎಬ್ಬಿಸುವವರಿಲ್ಲ. ನವರಾತ್ರಿ ಬರುವಷ್ಟರಲ್ಲಿ ಎಲ್ಲ ರೇಸುಗಳನ್ನೂ ಗೆದ್ದಿದ್ದೆವು. ಕೊನೆಯದೊಂದು ಉಳಿದಿತ್ತು, ಕಪ್ಪು ಕಾರಿನ ಎದುರು.

ಅಷ್ಟರಲ್ಲಿ ಅಕ್ಕನಿಗೆ ತುಮಕೂರಿನ ಗಂಡು ಗೊತ್ತಾಗಿತ್ತು. ವಿಜಯದಶಮಿಯ ದಿನ ಅವರು ಬಂದು ತಾಂಬೂಲ ಬದಲಾಯಿಸುವುದೆಂದು ಮಾತಾಯಿತು. "ಮದುವೆ ಆಗಿ ಹೋದ್ಮೇಲೆ ಇದೆಲ್ಲಾ ನಿಂದೇ" ಎಂದು ಅಕ್ಕ ನನಗೆ ಹೇಳಿದ್ದಳು. "ಅದಕ್ಕೆ ಮುಂಚೆ ಕೊನೇದನ್ನ ಗೆದ್ಬಿಡೋಣ."

ಹಿಂದಿನ ದಿನ ಆಯುಧಪೂಜೆ. ಅಪ್ಪನಿಗೆ ಅದು ವರ್ಷದ ದೊಡ್ಡ ಹಬ್ಬ. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಸೈಕಲ್ಲು, ಸ್ಪ್ಯಾನರ್ರು, ಅಮ್ಮನ ಈಳಿಗೆಮಣೆಯ ಜೊತೆ ಕಂಪ್ಯೂಟರೂ ಪೂಜೆಗೆ ಕೂತಿತು. ಅಮ್ಮ ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಗುಜರಿಯ ಡಬ್ಬಿಯನ್ನು ಮದುಮಗಳಂತೆ ಮಾಡಿದಳು. ನಮ್ಮ ರೇಸು ಒಂದು ದಿನ ಮುಂದಕ್ಕೆ ಹೋಯಿತು.

ಮರುದಿನ ಬೀಗರು ಬಂದರು. ನಡುಮನೆಯಲ್ಲಿ ಜಾಗವೆಲ್ಲಿ? ತಟ್ಟೆಗಳಲ್ಲಿ ಹಣ್ಣು, ಸೀರೆ, ತೆಂಗಿನಕಾಯಿ ಸಾಲಾಗಿ ಜೋಡಿಸುತ್ತ ಹೋಗಿ, ಕೊನೆಯ ತಟ್ಟೆ ಕಂಪ್ಯೂಟರಿನ ಕಾಲಿಗೇ ತಾಗಿತ್ತು. ಗಂಡಿನ ತಾಯಿ ಸಾಲನ್ನು ನೋಡುತ್ತ ಬಂದು ಹಾರ ಹಾಕಿಕೊಂಡು ಕೂತಿದ್ದ ಅದರ ಮುಂದೆ ನಿಂತರು. "ಅಯ್ಯೋ, ಇದೆಲ್ಲಾ ಯಾಕೆ ಮಾಡೋಕೆ ಹೋದ್ರಿ? ನಾವೇನೂ ಕೇಳಿರ್ಲಿಲ್ವಲ್ಲ" ಎಂದರು. ನಿಜವಾಗಿಯೂ ಸಂಕೋಚದಿಂದಲೇ ಅಂದರು, ಒಳ್ಳೆಯ ಹೆಂಗಸು.

ಅಪ್ಪ ಒಂದು ಕ್ಷಣ ತಬ್ಬಿಬ್ಬಾದರು. ಇದು ಕೊಡೋದಕ್ಕಲ್ಲ ಎಂದರೆ ಬಂದವರಿಗೆ ಮುಖಭಂಗ, ಸುಮ್ಮನಿದ್ದರೆ ಇನ್ನೇನೋ. ಬಾಯಿಗೆ ಬಂದದ್ದು ನಮ್ಮಂಥವರ ಬಾಯಿಗೆ ಬರುವ ಮಾತೇ: "ಅದರಲ್ಲೇನಿದೆ ಬಿಡಿ, ನಮ್ಮ ಸಂತೋಷಕ್ಕೆ."

ಮುಗಿಯಿತು ಕಥೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾನು ಕಾಫಿಯ ತಟ್ಟೆಯನ್ನು ಕುಕ್ಕಿದ ಸದ್ದಿಗೆ ಅಮ್ಮ ತಿರುಗಿ ಕಣ್ಣು ಬಿಟ್ಟಳು. ಅವರು ಹೋದಮೇಲೆ ನಾನು ರಂಪ ಮಾಡಿದೆ. ಅಪ್ಪ ತಲೆ ತಗ್ಗಿಸಿ ಕೂತು, "ಆಡಿದ ಮಾತು ಹೆಂಗಮ್ಮಾ ವಾಪಸ್ ತಗೊಳ್ಳೋದು" ಎಂದರು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕೊಟ್ಟ ವಸ್ತುವನ್ನು ಬಳಸಬಾರದೆಂದು ಅದರ ಮೇಲೆ ಬೆಡ್‌ಶೀಟ್ ಮುಚ್ಚಿಸಿದರು. ಮದುವೆಯವರೆಗೂ ಅದು ಹಾಗೇ ಮೂಲೆಯಲ್ಲಿ ಮುಸುಕು ಹಾಕಿಕೊಂಡು ಕೂತಿತ್ತು. ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಅಕ್ಕ ತನ್ನ ಲಗ್ನಪತ್ರಿಕೆಯನ್ನು ತಾನೇ ಟೈಪ್ ಮಾಡಿಕೊಂಡು ಬಂದಳು.

ಮದುವೆಯಾಗಿ, ಸಾಮಾನು ಕಳಿಸುವ ಬೆಳಗ್ಗೆ, ಅಕ್ಕ ಅರಿಶಿನದ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಡಬ್ಬಿಯ ಮುಂದೆ ಕೂತಳು. ಮುಚ್ಚಳ ತೆಗೆದು ಗ್ರಾಫಿಕ್ಸ್ ಕಾರ್ಡನ್ನು ಎಳೆದಳು. ಉಳಿದ ಲಗ್ನಪತ್ರಿಕೆಯ ಲಕೋಟೆಯೊಂದರಲ್ಲಿ ಹಾಕಿ ನನ್ನ ಕೈಗಿಟ್ಟಳು.

"ಅವ್ರು ಲೆಕ್ಕ ಬರ್ಕೊಳ್ಳೋಕೆ ಇದು ಬೇಕಿಲ್ಲ. ನಿನ್ ಹತ್ರ ಇರ್ಲಿ."

"ರೇಸು?"

"ಅದು ಒಳಗೆ ಡಿಸ್ಕಲ್ಲಿದೆ. ಅದನ್ನ ನಾನು ನೋಡ್ಕೋತೀನಿ."

ಧಾರೆಯಲ್ಲಿ ಅಳಲಿಲ್ಲ ಅವಳು, ಗಾಡಿ ಹತ್ತುವಾಗಲೂ ಅಳಲಿಲ್ಲ. ಅಮ್ಮನ ಗೆಳತಿಯರು ಅದನ್ನೇ ಒಂದು ಮಾತು ಮಾಡಿ ಆಡಿಕೊಂಡರು. ನಾನು ಲಕೋಟೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ನನ್ನ ಬಟ್ಟೆಗಳ ಕೆಳಗೆ ಇಟ್ಟುಕೊಂಡೆ. ಕಾರ್ಡು ನನ್ನಲ್ಲಿ, ರೇಸು ಅವಳಲ್ಲಿ. ಒಬ್ಬರದಿಲ್ಲದೆ ಇನ್ನೊಬ್ಬರದು ಕೆಲಸಕ್ಕೆ ಬಾರದು.

ಆಮೇಲೆ ಭಾನುವಾರಗಳ ಫೋನು. ಅಮ್ಮ ಸಾರಿನ ಪುಡಿಯಿಂದ ಹಿಡಿದು ನಾದಿನಿಯ ಮೂಗುತಿಯವರೆಗೆ ಎಲ್ಲ ವಿಚಾರಿಸಿದ ಮೇಲೆ ರಿಸೀವರ್ ನನ್ನ ಕೈಗೆ ಬರುತ್ತಿತ್ತು. ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ.

"ಇದೆಯಾ?"

"ಇದೆ."

ಒಂದು ವಾರ ಅವಳ ದನಿ ಸಣ್ಣಗಾಗಿತ್ತು. ಕಂಪ್ಯೂಟರ್ ನಿಧಾನವಾಗಿದೆ, ಫಾರ್ಮ್ಯಾಟ್ ಮಾಡಿಸಬೇಕು ಎಂದು ಭಾವ ಅಂದಿದ್ದರಂತೆ. "ಆಷಾಢ ಕಳೀಲಿ ಅಂದಿದೀನಿ" ಎಂದಳು. ಅವತ್ತು ನನಗೆ ಊಟ ಸೇರಲಿಲ್ಲ. ಯಾಕೇ ಮುಖ ಊದಿಸಿಕೊಂಡಿದ್ದೀಯಾ ಎಂದು ಅಮ್ಮ ಕೇಳಿದಾಗ ತಡೆಯಲಾರದೆ ಎಲ್ಲ ಹೇಳಿ, "ಕೊನೇ ಆಟ ಆಡೋಕೂ ಬಿಡ್ಲಿಲ್ಲ" ಎಂದು ಅತ್ತೆ. ಅಪ್ಪ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಪುಟ ತಿರುಗಿಸಲಿಲ್ಲ.

ಹೊಸದಾಗಿ ಮದುವೆಯಾದವಳು ಆಷಾಢದಲ್ಲಿ ತವರಿನಲ್ಲಿರಬೇಕಲ್ಲ, ತಿಂಗಳು ಹುಟ್ಟುವ ಮುಂಚೆ ಅಕ್ಕನನ್ನು ಕರೆತರಲು ಅಪ್ಪ ತುಮಕೂರಿಗೆ ಹೋದರು. ಸಂಜೆ ಆಟೋ ಬಂದು ನಿಂತಿತು. ಮೊದಲು ಅಕ್ಕ ಇಳಿದಳು, ಸೂಟ್‌ಕೇಸ್ ಹಿಡಿದು. ಹಿಂದಿನಿಂದ ಅಪ್ಪ, ಎರಡೂ ತೋಳಲ್ಲಿ ಬೆಡ್‌ಶೀಟಿನ ಗಂಟೊಂದನ್ನು ಅವುಚಿಕೊಂಡು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರಂತೆ.

"ನಾನು ಹೇಳ್ಲಿಲ್ಲ ಕಣೇ" ಎಂದಳು ಅಕ್ಕ, ಒಳಗೆ ಬಂದ ಮೇಲೆ. "ಅತ್ತೆ ಕಾಫಿ ಕೊಟ್ರು. ಅಪ್ಪ ಲೋಟ ಕೆಳಗಿಟ್ಟು, 'ತಪ್ಪು ತಿಳ್ಕೋಬೇಡಿ, ಆ ಪೆಟ್ಟಿಗೇನ ಒಂದು ತಿಂಗಳು ಕಳಿಸ್ಕೊಡ್ತೀರಾ, ಮಕ್ಕಳದು ಒಂದು ಆಟ ಬಾಕಿ ಇದೆ' ಅಂದ್ರು. ಅತ್ತೆ ನಕ್ಕು, 'ಸೊಸೆನೇ ತವರಿಗೆ ಹೋಗ್ತಿದಾಳೆ, ಅದೂ ಹೋಗ್ಬರ್ಲಿ ಬಿಡಿ' ಅಂದ್ರು."

ಯಾರ ಮನೆಯಲ್ಲೂ ಒಂದು ಲೋಟ ನೀರನ್ನೂ ತಾನಾಗಿ ಕೇಳದ ಮನುಷ್ಯ ನಮ್ಮಪ್ಪ. ಬೀಗರ ಮನೆಯ ಸೋಫಾದಲ್ಲಿ ಕೂತು ಆ ಮಾತನ್ನು ಹೇಗೆ ಆಡಿದರೋ. ಅವರ ಕೈಯಿಂದ ಗಂಟನ್ನು ಇಸಿದುಕೊಂಡು, "ಕಾಫಿ ಕೊಡ್ಲಾ ಅಪ್ಪಾ" ಎಂದೆ. ಎಷ್ಟೋ ತಿಂಗಳ ಮೇಲೆ ನಾನಾಗಿ ಆಡಿದ ಮಾತು ಅದು.

ಮಾನಿಟರ್ ಬಂದಿರಲಿಲ್ಲ. ನಾನು ಕೆಫೆಗೆ ಓಡಿದೆ. ಮಾಲೀಕರು ನನ್ನ ಮಾತು ಮುಗಿಯುವ ಮೊದಲೇ ಹಳೇ ಮಾನಿಟರೊಂದರ ಧೂಳು ಒರೆಸತೊಡಗಿದರು. "ದೀದಿ ಬಂದಿದಾಳಾ? ತಗೊಂಡ್ಹೋಗು, ನಿಮ್ಮ ಆಟ ಎಷ್ಟು ಸಲ ಅಳಿಸಿದೀನಿ ನಾನು" ಎಂದು ತಾವೇ ಆಟೋಗೆ ಹತ್ತಿಸಿದರು.

ಮರುದಿನ ಬೆಳಗ್ಗೆ ಲಕೋಟೆ ತೆಗೆದು ಕಾರ್ಡನ್ನು ಕೂರಿಸಿದೆವು. ಬಲಗಡೆ ಅಕ್ಕ, ಕೈತುಂಬ ಬಳೆ. ಎಡಗಡೆ ನಾನು. ರೇಸು ಇತ್ತು, ಬಿಟ್ಟಲ್ಲೇ ಇತ್ತು. ಮೊದಲು ಸೋತೆವು. ಅಕ್ಕ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡಳು. ಮತ್ತೂ ಸೋತೆವು. ಆಮೇಲೆ ಬೆರಳುಗಳಿಗೆ ಹಳೆಯದೆಲ್ಲ ನೆನಪಾಯಿತೋ ಏನೋ, ಕೊನೆಯ ತಿರುವಿನಲ್ಲಿ ಅವಳು ಉಸಿರು ಹಿಡಿದದ್ದು ನನಗೆ ತಿಳಿಯಿತು, ನಾನು ಬ್ರೇಕ್ ಒತ್ತಿ ಬಿಟ್ಟೆ, ಕಪ್ಪು ಕಾರು ಹಿಂದುಳಿಯಿತು.

ಸಿನಿಮಾ ಮುಗಿದಾಗ ಬರುವಂತೆ ತೆರೆಯ ಮೇಲೆ ಏನೇನೋ ಹೆಸರುಗಳು ಸಾಲಾಗಿ ಏರತೊಡಗಿದವು. ಅಕ್ಕ ಅವನ್ನೇ ನೋಡುತ್ತಿದ್ದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು, ಮಂಟಪದಲ್ಲಿ ಅಳಬೇಕಾದದ್ದನ್ನೆಲ್ಲ. ನಾನೂ ಅತ್ತೆ.

ಅಪ್ಪ ಬಾಗಿಲಿಗೆ ಬಂದರು. "ಸೋತ್ರಾ?"

"ಇಲ್ಲಪ್ಪಾ, ಗೆದ್ವಿ" ಎಂದಳು ಅಕ್ಕ. "ಮುಗೀತು."

ಅಪ್ಪ ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿದರು. ಹೊರಗೆ ಆಷಾಢದ ಗಾಳಿ ಬಟ್ಟೆಗಳನ್ನು ತಂತಿಯಿಂದ ಕೀಳುವಂತೆ ಬೀಸುತ್ತಿತ್ತು, ಯಾರಿಗೂ ಫ್ಯಾನ್ ಬೇಡದ ದಿನಗಳು. ಅವರು ಸ್ಟೂಲ್ ಹತ್ತಿ ಅಟ್ಟದಿಂದ ಟೇಬಲ್ ಫ್ಯಾನ್ ಇಳಿಸಿ, ಪಂಚೆಯಲ್ಲಿ ಧೂಳು ಒರೆಸಿ, ಡಬ್ಬಿಯ ಕಡೆ ತಿರುಗಿಸಿಟ್ಟು ಸ್ವಿಚ್ ಹಾಕಿದರು.

"ಮೊದಲ್ನಿಂದ ಆಡಿ" ಎಂದರು. "ತಿಂಗಳು ಪೂರ್ತಿ ಇದೆ."