ಮೂಗುತಿ ಇಟ್ಟ ದೃಷ್ಟಿಬೊಂಬೆ

ಕಂಪ್ಲಿಯಿಂದ ಬಂದ ಅತ್ತೆ ಹೊಸಪೇಟೆಯ ನಮ್ಮ ಹೊಸ ಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಮನೆಗೆ ದೃಷ್ಟಿ ತಾಗದಿರಲೆಂದು ಅಲ್ಲಿ ತೂಗುಹಾಕಿದ್ದ ಬೂದುಗುಂಬಳದ ಮೇಲೆ ರಾಕ್ಷಸನ ಮುಖ ಬರೆದವಳು ನಾನೇ. ಮೀಸೆಯೊಂದನ್ನು ಬಿಟ್ಟರೆ ಆ ಗಂಟಿಕ್ಕಿದ ಹುಬ್ಬು, ದಪ್ಪ ಮೂಗು ಎಲ್ಲವೂ ಅತ್ತೆಯವೇ ಎಂದು ನನಗೆ ಹೊಳೆದದ್ದು ಅವರು ಅದರ ಕೆಳಗೆ ನಿಂತಾಗಲೇ! ಯಜಮಾನರು ಮೆಲ್ಲಗೆ ಒಳಗೆ ಜಾರಿಕೊಂಡರು.

"ನನ್ನ ಮಾರೀನ ಬರದೀಯಲ್ಲ!" ಎಂದರು ಅತ್ತೆ. ಕುಂಬಳಕಾಯಿ ಇಳಿಸಲು ನಾನು ಅವಸರದಿಂದ ಕೈ ಚಾಚಿದೆ.

"ಆ ಮೀಸಿ ಅಳಿಸಿ ಮೂಗುತಿ ಇಡವ್ವಾ. ನನ್ನ ನೋಡಿದ್ರ ಯಾರ ಕೆಟ್ಟ ಕಣ್ಣೂ ಒಳಗ ಬರಂಗಿಲ್ಲ."

ಈಗ ಅಮಾವಾಸ್ಯೆಗೆ ಹೊಸ ಕಾಯಿ ಕಟ್ಟುವಾಗ ಮೂಗುತಿಯಿಂದಲೇ ಶುರು ಮಾಡುತ್ತೇನೆ. ಎಷ್ಟು ಪ್ರಯತ್ನಿಸಿದರೂ ಆ ಮುಖಕ್ಕೆ ಸಿಟ್ಟು ತರಿಸಲು ಮಾತ್ರ ನನ್ನ ಕೈಯಲ್ಲಿ ಆಗುತ್ತಿಲ್ಲ. ನಗುತ್ತಲೇ ನಮ್ಮ ಮನೆ ಕಾಯುತ್ತದೆ.