ಬಿಳಿ ಗೌನಿನ ಬಲಗಡೆಯ ಅಂಚು

ಆ ದಿನ ಮಾಡಿದ ಕೆಲಸಗಳು: ಹಾಲು ಕಾಯಿಸಿದ್ದು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದದ್ದು. ನಲ್ಲಿಯಲ್ಲಿ ನೀರು ಬರುವ ದಿನವಾದ್ದರಿಂದ ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಸಿದ್ದು. ಮನೆಯವರ ಡಬ್ಬಿಗೆ ಚಿತ್ರಾನ್ನ ಹಾಕಿದ್ದು. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದ್ದು. ಒಣಗಿದ ಸಂಡಿಗೆಯನ್ನು ಡಬ್ಬಕ್ಕೆ ತುಂಬಿದ್ದು. ಪೀಚ್ ಬಣ್ಣದ ಮೂರು ಗೌನುಗಳಿಗೆ ಇಸ್ತ್ರಿ ಹಾಕಿದ್ದು. ಬಿಳಿ ಗೌನಿಗೆ ಕೊನೆಯ ಹುಕ್ಕು ಹೊಲಿದದ್ದು. ಆಮೇಲೆ ಅದರ ಬಲಗಡೆಯ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ಏಳು ಸಲ ನೋಡಿದ್ದು.

ತೊಂಬತ್ತರ ದಶಕದ ಕೊನೆಯ ಬೇಸಿಗೆ. ಬನಶಂಕರಿ ಎರಡನೇ ಸ್ಟೇಜಿನ ಮನೆಯಲ್ಲಿ ಕೆಳಗೆ ನಾವು, ಮಹಡಿಯಲ್ಲಿ ಬಾಡಿಗೆಗೆ ಒಂದು ಕ್ರೈಸ್ತ ಕುಟುಂಬ. ತಾಯಿ ಶಾಲೆಯಲ್ಲಿ ಟೀಚರು, ಮಗಳಿಗೆ ಜಯನಗರದ ಬ್ಯಾಂಕೊಂದರಲ್ಲಿ ಕೆಲಸ. ನಾನು ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ, ಲಂಗ ಹೊಲಿಯುತ್ತಿದ್ದೆ, ಸೀರೆಗೆ ಫಾಲ್ ಹಾಕುತ್ತಿದ್ದೆ. ಗೌನನ್ನು ಮಾತ್ರ ಹತ್ತಿರದಿಂದ ನೋಡಿಯೂ ಇರಲಿಲ್ಲ. ಮದುವೆ ಗೊತ್ತಾದ ಮೇಲೆ ಹುಡುಗಿ ಕೆಳಗಿಳಿದು ಬಂದಳು.

"ಆಂಟಿ, ನೀವೇ ಹೊಲೀಬೇಕು. ಅಂಗಡೀಲಿ ಹಾಕ್ಕೊಂಡ್ ನೋಡ್ದೆ, ಕೈ ಎತ್ತಕ್ಕೇ ಆಗಲ್ಲ."

"ಮದುವೇಲಿ ಕೈ ಯಾಕಮ್ಮ ಎತ್ಬೇಕು?" ಎಂದು ಅತ್ತೆ ಹಾಸಿಗೆಯಿಂದಲೇ ಕೇಳಿದರು.

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ನಾವಿಬ್ಬರೂ ಗೆರೆ ಎಳೆದೆವು. ಮುಚ್ಚಿದ ಕತ್ತು, ಮೊಳಕೈವರೆಗೆ ತೋಳು, ಸೊಂಟದಿಂದ ಕೆಳಗೆ ಆರು ಪಟ್ಟಿ, ಹಿಂದೆ ನೆಲದ ಮೇಲೆ ಎರಡು ಮೊಳ ಎಳೆಯುವಷ್ಟು ಬಟ್ಟೆ. "ಗುಡಿಸೋಕಾ?" ಎಂದರು ಅತ್ತೆ. ಅವಳ ಜೊತೆ ಚರ್ಚಿನಲ್ಲಿ ನಿಲ್ಲುವ ಮೂವರು ಹುಡುಗಿಯರಿಗೂ ಪೀಚ್ ಬಣ್ಣದಲ್ಲಿ ಅದೇ ಮಾದರಿ, ಎಳೆಯುವ ಭಾಗ ಒಂದಿಲ್ಲ. ನಾನು ಅಭ್ಯಾಸದಂತೆ ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಬಿಡಬೇಕೆಂದು ಬರೆದುಕೊಂಡೆ.

"ಅಷ್ಟೊಂದು ಯಾಕೆ ಆಂಟಿ?"

"ಮಕ್ಕಳಾದ್ಮೇಲೆ ಬಿಚ್ಚಿ ದೊಡ್ಡದು ಮಾಡ್ಕೋಬಹುದು."

"ಇದನ್ನ ಒಂದೇ ದಿನ ಹಾಕೋದು."

ಬರೆದಿದ್ದ ಎರಡಿಂಚನ್ನು ನಾನು ಹಾಗೇ ಬಿಟ್ಟೆ.

ಮೊದಲು ಮನೆಯವರ ಎರಡು ಹಳೆಯ ಪಂಚೆಗಳಲ್ಲಿ ಗೌನು ಹೊಲಿದು ಅಳತೆ ನೋಡಿದೆ. ಸಂಜೆ ಅವರು ಆಫೀಸಿನಿಂದ ಬಂದಾಗ ಹುಡುಗಿ ಅದನ್ನು ತೊಟ್ಟು ಸ್ಟೂಲಿನ ಮೇಲೆ ನಿಂತಿದ್ದಳು, ಪಂಚೆಯ ಹಸಿರು ಅಂಚು ಕಾಲ ಸುತ್ತ. ಅವರು ಅಂಚನ್ನು ಗುರುತು ಹಿಡಿದರು. ಕೈಕಾಲು ತೊಳೆಯಲು ಹೋದರು.

ಅಸಲು ಬಟ್ಟೆ ಬಿಳಿ ಸ್ಯಾಟಿನ್. ಹುಡುಗಿ ತನ್ನ ಸಂಬಳದಲ್ಲಿ ತಂದದ್ದು. ಅಂಗಡಿಯಲ್ಲಿ ಆ ಬಟ್ಟೆಯ ಥಾನು ಅಲ್ಲಿಗೇ ಮುಗಿದಿತ್ತು, ಮತ್ತೆ ಸಿಗುವಂತಿರಲಿಲ್ಲ. ಮದುವೆಗೆ ಹದಿನೈದು ದಿನ ಇರುವಾಗ, ಒಂದು ಬುಧವಾರ ಬೆಳಿಗ್ಗೆ, ಚಾಪೆ ಹಾಸಿ ಅದನ್ನು ಹರವಿದೆ. ದೇವರ ಮನೆಗೆ ಹೋಗಿ ಬಂದೆ. ಬಟ್ಟೆಯ ಮೂಲೆಗೆ ನೀರಲ್ಲಿ ಕಲಸಿದ ಅರಿಶಿನ ಇಟ್ಟೆ, ಕತ್ತರಿಗೂ ಇಟ್ಟೆ, ಕೈ ಮುಗಿದೆ, ಕತ್ತರಿಸಿದೆ. ಯಾವ ಮದುವೆಯ ಬಟ್ಟೆಗೂ ನಾನು ಮಾಡುತ್ತಿದ್ದದ್ದು ಇದೇ. ರವಿಕೆಯ ಬಟ್ಟೆಯಲ್ಲಿ ಮೂಲೆ ಯಾವಾಗಲೂ ಮಿಗುತ್ತದೆ, ಅರಿಶಿನ ಚೂರುಪಾರಿನ ಜೊತೆ ಹೋಗುತ್ತದೆ. ಆರು ಪಟ್ಟಿಯ ಗೌನಿನಲ್ಲಿ ಮೂಲೆ ಮಿಗುವುದಿಲ್ಲ. ಪಟ್ಟಿಗಳನ್ನು ಜೋಡಿಸಿ ಇಟ್ಟಾಗ ಎರಡು ಬೆರಳಗಲದ ಹಳದಿ, ಮುಂದಿನ ಬಲ ಪಟ್ಟಿಯ ಕೆಳ ಅಂಚಿನಲ್ಲಿ ಕೂತಿತ್ತು. ಚರ್ಚಿನಲ್ಲಿ ಎಲ್ಲರಿಗೂ ಕಾಣುವ ಕಡೆ.

ಸೋಪು ಹಚ್ಚಿದೆ. ಹಳದಿ ಕೆಂಪಾಯಿತು.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಕುಂಕುಮಾನೂ ಆಯ್ತು," ಎಂದರು. ಆಮೇಲೆ ತಾವೇ ಹೇಳಿದರು, "ನಿಂಬೆಹಣ್ಣು ಹಿಂಡು, ಬಿಸಿಲಿಗೆ ಹಾಕು. ಅರಿಶಿನ ಬಿಸಿಲಿಗೆ ನಿಲ್ಲಲ್ಲ."

ನಿಂಬೆರಸಕ್ಕೆ ಕೆಂಪು ಮತ್ತೆ ಹಳದಿಯಾಯಿತು. ಉಳಿದದ್ದು ಬಿಸಿಲು. ಬಿಸಿಲು ಬೀಳುವ ಜಾಗ ಟೆರೇಸು ಒಂದೇ, ಟೆರೇಸಿಗೆ ಮಹಡಿಯ ಮನೆಯವರೂ ಬರುತ್ತಾರೆ. ಹೇಳಿಬಿಡಬಹುದಿತ್ತು. ಆದರೆ ಹುಡುಗಿಯ ಆ ಬಟ್ಟೆಯನ್ನು ನನ್ನ ಕೈಯಾರೆ ಕೆಡಿಸಿದೆ ಎಂದು ಹೇಗೆ ಹೇಳುವುದು? ಮರುದಿನ ಎರಡು ಸೇರು ಅಕ್ಕಿಯ ಸಂಡಿಗೆ ಹಿಟ್ಟು ಕಾಸಿದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಸಂಡಿಗೆ ಇಟ್ಟು, ಅದರಾಚೆ ಗೋಡೆಯ ಹತ್ತಿರ ಆ ಪಟ್ಟಿಯನ್ನು ಹರವಿ, ನಾಲ್ಕು ಮೂಲೆಗೂ ಕಲ್ಲು ಹೇರಿ, ಮೆಟ್ಟಿಲ ಕಡೆಯಿಂದ ಕಾಣದಂತೆ ತಂತಿಯ ಮೇಲೆ ಬೆಡ್‌ಶೀಟು ಇಳಿಬಿಟ್ಟೆ. ಯಾರಾದರೂ ಕೇಳಿದರೆ ಕಾಗೆಗೆ ಅಡ್ಡ ಎಂದು ಹೇಳುವುದೆಂದು ತೀರ್ಮಾನಿಸಿದ್ದೆ. ಯಾರೂ ಕೇಳಲಿಲ್ಲ.

ಒಂಬತ್ತು ದಿನ ಹೀಗೇ ನಡೆಯಿತು. ಸಂಡಿಗೆ ಮುಗಿದ ಮೇಲೆ ಹಪ್ಪಳ, ಆಮೇಲೆ ಬಾಳಕದ ಮೆಣಸಿನಕಾಯಿ. ದಿನವೂ ಬೆಳಿಗ್ಗೆ ಒಂದು ಕಡೆ ಹರವುತ್ತಿದ್ದೆ, ನಾಲ್ಕು ಗಂಟೆಗೆ ಹೋದಾಗ ಪಟ್ಟಿ ಎರಡು ಮಾರು ಆಚೆ ಇರುತ್ತಿತ್ತು, ಕಲ್ಲುಗಳ ಸಮೇತ. ಗಾಳಿಯೆಂದುಕೊಂಡೆ. ಗಾಳಿ ನಾಲ್ಕು ಕಲ್ಲನ್ನು ಸಾಲು ಕೆಡದಂತೆ ಸರಿಸುತ್ತದೆ ಎಂದು ಆಗ ನಾನು ನಂಬಿದ್ದೆ.

ಅಷ್ಟರಲ್ಲಿ ಪೀಚ್ ಗೌನುಗಳು ಮುಗಿದವು. ಹತ್ತನೆಯ ದಿನ ಬಿಳಿ ಪಟ್ಟಿಯನ್ನು ಉಳಿದ ಐದರ ಜೊತೆ ಸೇರಿಸಿದೆ. ಹಳದಿ ಹೋಗಿದೆಯೋ, ನನ್ನ ಕಣ್ಣಿಗೆ ಅಭ್ಯಾಸವಾಗಿದೆಯೋ ಹೇಳಲಾಗುತ್ತಿರಲಿಲ್ಲ. ಅದಕ್ಕೇ ಮದುವೆಯ ಹಿಂದಿನ ದಿನ ಏಳು ಸಲ ನೋಡಿದ್ದು.

ನಾಲ್ಕು ಗಂಟೆಗೆ ತಾಯಿ ಮಗಳು ಇಬ್ಬರೂ ಬಂದರು. ಹುಡುಗಿ ಗೌನು ತೊಟ್ಟು ಎರಡೂ ಕೈ ಮೇಲೆತ್ತಿ ನೋಡಿಕೊಂಡಳು. ಎತ್ತಲು ಬಂತು. ಅವಳು ಒಳಗೆ ಬಟ್ಟೆ ಬದಲಿಸಲು ಹೋದಾಗ ನಾನು ಅವಳ ತಾಯಿಗೆ ಹೇಳಿಬಿಟ್ಟೆ.

"ಒಂದು ತಪ್ಪಾಗಿದೆ ಕಣ್ರೀ. ಕತ್ತರಿ ಹಾಕೋವಾಗ ಅಭ್ಯಾಸದ ಮೇಲೆ ಅರಿಶಿನ ಇಟ್ಬಿಟ್ಟೆ. ಬಲಗಡೆ, ಕೆಳಗೆ."

"ಗೊತ್ತು," ಎಂದರು ಅವರು.

"ಏನು ಗೊತ್ತು?"

"ಟೆರೇಸ್ ಮೇಲೆ ನೋಡ್ದೆ. ಸ್ಕೂಲಿಗೆ ರಜ ಅಲ್ವಾ, ಮನೇಲೇ ಇದ್ನಲ್ಲ. ಒಂದು ಗಂಟೆಗೆಲ್ಲ ನೀರಿನ ಟ್ಯಾಂಕಿನ ನೆರಳು ಅದ್ರ ಮೇಲೆ ಬರೋದು. ನಾನೇ ದಿನಾ ಆಕಡೆ ಎಳೆದು ಹಾಕ್ತಿದ್ದೆ."

"ಮತ್ತೆ ಹೇಳ್ಬಾರ್ದಿತ್ತಾ?"

"ನೀವು ಬೆಡ್‌ಶೀಟ್ ಬೇರೆ ಕಟ್ಟಿದ್ರಿ. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ."

ಹುಡುಗಿ ಒಳಗಿನಿಂದ ಚಾಚಿದ ಗೌನಿನ ಅಂಚನ್ನು ಅವರೂ ಕಿಟಕಿಗೆ ಹಿಡಿದು ನೋಡಿದರು. "ಏನಿಲ್ಲ, ಹೋಗಿದೆ," ಎಂದರು. ನಾಲ್ಕನೇ ಕ್ಲಾಸಿನ ಪುಸ್ತಕ ತಿದ್ದುವವರ ಕಣ್ಣು ಅದು, ನಂಬಿದೆ. ಅವರು ಪೀಚ್ ಗೌನುಗಳನ್ನು ತೋಳಿನ ಮೇಲೆ ಹಾಕಿಕೊಂಡರು, ಬಿಳಿಯದನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಇದು ಬೆಳಿಗ್ಗೆವರ್ಗೂ ನಿಮ್ಮನೇಲೇ ಇರ್ಲಿ. ಸಂಜೆ ನಮ್ಮಲ್ಲಿ ಹುಡುಗೀಗೆ ಅರಿಶಿನ ಹಚ್ತೀವಿ. ನೀವೂ ಬನ್ನಿ, ಅತ್ತೆಯವರನ್ನೂ ಕರ್ಕೊಂಡ್ ಬನ್ನಿ."

ಕ್ರೈಸ್ತರಲ್ಲಿ ಅರಿಶಿನ ಹಚ್ಚುವುದುಂಟೆಂದು ಅದೇ ಮನೆಯಲ್ಲಿ ಆರು ವರ್ಷ ಜೊತೆಗಿದ್ದೂ ನನಗೆ ತಿಳಿದಿರಲಿಲ್ಲ. ಅತ್ತೆ ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿದರು. ಹುಡುಗಿಯ ಕೆನ್ನೆಗೆ ಹಚ್ಚಿ, ಮಿಕ್ಕಿದ್ದನ್ನು ಅವಳ ನೈಟಿಗೆ ಒರೆಸಿದರು. ಕೆಳಗೆ ಬಂದು ನಾನು ಎರಡು ಸಲ ಸೋಪು ಹಾಕಿ ಕೈ ತೊಳೆದು, ಗೌನನ್ನು ಮನೆಯವರ ಇನ್ನೊಂದು ಪಂಚೆಯಲ್ಲಿ ಸುತ್ತಿ ಬೀರುವಿನ ಹಿಡಿಗೆ ತೂಗುಹಾಕಿದೆ.

ರಾತ್ರಿ ಅನ್ನ, ತಿಳಿಸಾರು, ಕರಿದ ಸಂಡಿಗೆ, ಮಹಡಿಯಿಂದ ಬಂದ ಎರಡು ತುಂಡು ಕೇಕು. ಸಂಡಿಗೆಗೆ ಉಪ್ಪು ಹೆಚ್ಚಾಗಿತ್ತು. ಮನೆಯವರು ಮೊದಲು ಮಲಗಿದರು, ಆಮೇಲೆ ನಾನು. ಅತ್ತೆ ಹಾಸಿಗೆಯ ಮೇಲೆ ಕೂತು ತಮ್ಮ ಬೆರಳುಗಳ ಹಳದಿಯನ್ನು ನೋಡಿಕೊಳ್ಳುತ್ತಿದ್ದರು.